ಅವ್ವನ ಕೈಗೆ ಚೆಲುವನ ಮದ್ದು

ಹತ್ತಿರ ಬನ್ರವ್ವಾ, ಇದು ಬೀದೀಲಿ ಕೂಗಿ ಹೇಳೋ ಸುದ್ದಿಯಲ್ಲ. ಹಿಂದಿನ ಕೇರಿ ಸಣ್ಣತಾಯಮ್ಮನಿಗೆ ಒಬ್ಬನೇ ಮಗ, ಚೆಲುವ. ಹೆಸರಷ್ಟೇ ಚೆಲುವು, ತಲೆಯೊಳಗೆ ಬರೀ ಹೊಟ್ಟು. ಗಂಡ ಬಳೆಗಾರ್ತಿ ಹಿಂದೆ ಓಡಿಹೋದನಲ್ಲ, ಅವತ್ತಿನಿಂದ ಸಣ್ಣತಾಯಮ್ಮನ ಬಲಗೈ ಮೇಲಕ್ಕೇಳದು. ಆಸ್ಪತ್ರೇಲಿ ಎಲುಬಿನ ಫೋಟೋ ತೆಗೆದರು, ರಕ್ತ ಹೀರಿದರು. ಏನೂ ಸಿಗಲಿಲ್ಲ. ತಲೆ ಬಾಚೋಕೂ ಮಗನೇ ಗತಿ. ಅವನು ಹೆಣೆದರೆ ಜಡೆ ಹಣೆ ಮೇಲೆ ಬರೋದು!

"ಈ ಕೈ ಏಳದಿದ್ರೆ ನಾನು ಸತ್ತಂಗೇ ಕಣೋ!" ಅಂತ ಅತ್ತಳು.

ಆಸ್ಪತ್ರೆಯವರು ಒಂದು ದೊಡ್ಡ ಹಾಲ್‌ಗೆ ಕಳಿಸಿದರು. ಹೀಗೆ ಕಾರಣ ಸಿಗದ ನೋವಿನವರೆಲ್ಲ ಅಲ್ಲಿ ಸೇರಿ, ವಿಶಾಲಾಕ್ಷಿ ಟೀಚರ್ ಹೇಳಿದಂಗೆ ಜೋಡಿ ಜೋಡಿಯಾಗಿ ಮೈಕೈ ಆಡಿಸ್ತಾರೆ. ಜೊತೆಗೆ ಹೋದ ಚೆಲುವನೇ ಅವ್ವನಿಗೆ ಜೋಡಿ.

"ಎದುರಿನವರು ಮಾಡಿದ್ದನ್ನೇ ಮಾಡಿ," ಅಂದರು ಟೀಚರ್. ಅವ್ವ ಎಡವಿ ಬಿದ್ದಳು. ಚೆಲುವನೂ ಪಕ್ಕದಲ್ಲೇ ದೊಪ್ಪನೆ ಬಿದ್ದ!

"ಅಯ್ಯೋ ಮುಂಡೇದೇ! ಬೀಳೋರನ್ನ ಕಂಡ್ರೆ ಗಟ್ಟಿಯಾಗಿ ತಬ್ಬಿ ಹಿಡ್ಕೋಬೇಕು!"

"ಆಗಲಿ ಕಣವ್ವ."

ಮರುವಾರ ಮೇಣದಬತ್ತಿ ಕರಗಿದಂಗೆ ಮೆಲ್ಲಗೆ ನೆಲಕ್ಕಿಳಿಯೋ ಆಟ. ಪೋಸ್ಟಾಫೀಸಿನ ಜಲಜಾಕ್ಷಿ ಇಳೀತಿದ್ದಳು. ಚೆಲುವ ಹಾರಿ ಬಂದು ತಬ್ಬಿದ! ಹಿಡಿದವನು ಬಿಡಲೂ ಇಲ್ಲ. ಬಾಗಿಲಲ್ಲಿ ಅವಳ ಗಂಡ! ರಾಮ ರಾಮ, ಅವತ್ತು ನಾನಲ್ಲಿ ಇರಲಿಲ್ಲವಲ್ಲ ಅಂತ ಇನ್ನೂ ಹೊಟ್ಟೆ ಉರಿಯುತ್ತೆ.

"ಇನ್ನೊಂದು ತಪ್ಪಾದ್ರೆ ತಾಯಿ ಮಗ ಇಬ್ಬರೂ ಹೊರಗೆ!" ಅಂದರು ಟೀಚರ್.

ಅವ್ವ ಹಲ್ಲು ಕಡಿದಳು. "ಯಾರನ್ನೂ ಮುಟ್ಟಬೇಡ! ಬಾಗಿಲಲ್ಲಿ ಕಂಬದಂಗೆ ನಿಂತ್ಕೋ. ಯಾರೇನಂದ್ರೂ ಅಲ್ಲಾಡಬೇಡ!"

"ಆಗಲಿ ಕಣವ್ವ."

ಮುಂದಿನ ಸಲ ಆಟ ಮುಗೀತು. ಹೊರಗೆ ಬಸ್ಸು ಹಾರನ್ ಹೊಡೀತಿದೆ. ಬಾಗಿಲಿಗೆ ಚೆಲುವ ಅಡ್ಡ!

"ಜರುಗಪ್ಪಾ!" ಜರುಗ. "ಸರಿಯೋ!" ಸರಿಯ. ಟೀಚರೇ ತಳ್ಳಿದರು. ಅಲ್ಲಾಡ!

"ನಿನ್ನ ಹೆತ್ತ ಹೊಟ್ಟೆಗೆ ಬೆಂಕಿ ಬೀಳ!" ಅಂತ ಅವ್ವ ಕೆನ್ನೆಗೆ ಬೀಸಿದಳು ನೋಡಿ, ಛಟೀರ್! ಅದೂ ಬಲಗೈಲಿ! ತಲೆ ಮೇಲಿಂದ!

ಅವ್ವ ಕೈ ನೋಡಿಕೊಂಡಳು. ಮತ್ತೆ ಎತ್ತಿದಳು. ಎದ್ದಿತು! ನೆತ್ತಿ ಮುಟ್ಟಿಕೊಂಡು ಗೊಳೋ ಅಂತ ಅತ್ತಳು.

"ನಿನ್ನ ಕೆನ್ನೆನೇ ನನಗೆ ಮದ್ದಾಯ್ತು ಕಣೋ ಮಗನೇ! ಇಲ್ಲಿಗೆ ಬಂದೋರಿಗೆಲ್ಲ ಈ ಭಾಗ್ಯ ಸಿಗಲಿ!"

"ಆಗಲಿ ಕಣವ್ವ."

ಮರುವಾರ ಎಲ್ಲರಿಗಿಂತ ಮೊದಲೇ ಚೆಲುವ ಬಾಗಿಲಲ್ಲಿ. "ಹೊಡೀರಿ, ವಾಸಿಯಾಗುತ್ತೆ!" ಅಂತ ಬಂದೋರಿಗೆಲ್ಲ ಕೆನ್ನೆ ಚಾಚಿದ. ಅಷ್ಟರಲ್ಲಿ ಕುಂಟುತ್ತಾ ಬಂದರು ಹೊಸಬರು, ಡ್ರಿಲ್ ಮೇಷ್ಟ್ರು ರಂಗಶೆಟ್ಟರು.

"ನಂಗೆ ಕೈನೋವಲ್ಲ ಕಣಪ್ಪ, ಮೊಣಕಾಲು."

ಚೆಲುವ ತಲೆ ಕೆರೆದುಕೊಂಡ. ಹೌದಲ್ಲ! ಗಿರ್ರನೆ ತಿರುಗಿ, ಪಂಚೆ ಎತ್ತಿ ಕಟ್ಟಿ, ಬಗ್ಗಿ ನಿಂತ.

"ಒದೀರಿ ಮೇಷ್ಟ್ರೇ!"