ಚುಕ್ಕಾಣಿಯೇ ಇಲ್ಲದ ದೋಣಿ

ಅಳಿವೆಯ ಜೆಟ್ಟಿಯಲ್ಲಿ ಹಳೆಯದೊಂದು ಮೋಟಾರು ದೋಣಿಯಿತ್ತು. ಅದನ್ನು ಮುಂದೆ ತಳ್ಳುವುದು ಪ್ರೊಪೆಲ್ಲರಿನ ಕೆಲಸ, ತಿರುಗಿಸುವುದು ಚುಕ್ಕಾಣಿಯ ಕೆಲಸ. ಒಂದು ಬೆಳಿಗ್ಗೆ ಹೊಸ ದೋಣಿಯೊಂದು ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತ ಬಂದು ಪಕ್ಕದಲ್ಲೇ ನಿಂತಿತು. ಅದಕ್ಕೆ ಚುಕ್ಕಾಣಿಯೇ ಇರಲಿಲ್ಲ. ತಳದಲ್ಲಿದ್ದ ಪಾಡ್ ಎಂಬ ಯಂತ್ರವು ತನ್ನ ಪ್ರೊಪೆಲ್ಲರಿನ ಸಮೇತ ಬೇಕೆಂದತ್ತ ತಿರುಗುತ್ತಿತ್ತು.

ಅದನ್ನು ಕಂಡ ಹಳೆಯ ದೋಣಿಯ ಚುಕ್ಕಾಣಿ ಪ್ರೊಪೆಲ್ಲರಿನತ್ತ ಹೊರಳಿತು. "ಪ್ರೊಪೆಲ್ಲರಣ್ಣ, ಇನ್ನು ನನ್ನನ್ನು ಗುಜರಿಗೆ ಹಾಕುತ್ತಾರೆ."

"ಹುಚ್ಚಪ್ಪ, ನೀನಿಲ್ಲದೆ ನಾನು ನೆಟ್ಟಗೆ ಹೋಗಿ ಬಂಡೆಗೆ ಗುದ್ದುತ್ತೇನೆ," ಎಂದಿತು ಪ್ರೊಪೆಲ್ಲರ್. ಚುಕ್ಕಾಣಿಗೆ ಸಮಾಧಾನವಾಗಲಿಲ್ಲ.

ಅಂದು ಮಧ್ಯಾಹ್ನ ಹಳೆಯ ದೋಣಿ ಬಂಡೆಗಳ ನಡುವೆ ಬರುತ್ತಿದ್ದಾಗ ಹರಿದ ಬಲೆಯೊಂದು ಪ್ರೊಪೆಲ್ಲರಿಗೆ ಸುತ್ತಿಕೊಂಡು ಎಂಜಿನ್ ನಿಂತೇ ಹೋಯಿತು. ಇನ್ನೊಂದು ದೋಣಿ ತಿರುಗಲೂ ಜಾಗವಿಲ್ಲದ ಆ ಇಕ್ಕಟ್ಟಿಗೆ ಹೊಸ ದೋಣಿ ಅಡ್ಡಡ್ಡ ಸರಿಯುತ್ತ ಬಂದು ಹಗ್ಗ ಕೊಟ್ಟಿತು.

"ಎಳೆಯುವುದು ನನ್ನಿಂದಾದೀತು," ಎಂದಿತು ಪಾಡ್. "ಆದರೆ ಹಿಂದೆ ಬರುವ ನಿಮ್ಮ ದೋಣಿ ಅತ್ತಿತ್ತ ಹೊಯ್ದಾಡಿದರೆ ಬಂಡೆಗೆ ತಾಗುತ್ತದೆ. ಅದನ್ನು ಹಿಡಿತದಲ್ಲಿಡುವವರು ಯಾರು?"

"ನಾನಿದ್ದೇನೆ!" ಎಂದು ಕೂಗಿತು ಚುಕ್ಕಾಣಿ.

ದೋಣಿ ಎಡಕ್ಕೆ ವಾಲಿದರೆ ಅದು ಬಲಕ್ಕೆಳೆಯಿತು, ಬಲಕ್ಕೆ ವಾಲಿದರೆ ಎಡಕ್ಕೆ. ಒಂದು ಬಂಡೆಯೂ ಸೋಕದಂತೆ ಎರಡೂ ದೋಣಿಗಳು ಹೊರಬಂದವು.

"ಭೇಷ್, ಚುಕ್ಕಾಣಿಯವರೇ! ನಿಮ್ಮಿಂದಾಗಿ ನಾನು ಹಿಂದೆ ತಿರುಗಿ ನೋಡಬೇಕಾಗಲೇ ಇಲ್ಲ," ಎಂದಿತು ಪಾಡ್.

ಚುಕ್ಕಾಣಿ ಹಿಗ್ಗಿಹೋಯಿತು. ಆಗ ಬಲೆಯೊಳಗಿಂದ ಪ್ರೊಪೆಲ್ಲರ್ ನಗುತ್ತ ಹೇಳಿತು: "ಇವತ್ತು ಕೆಲಸವಿಲ್ಲದೆ ಕೂತು ಬಂದವನು ನಾನೊಬ್ಬನೇ ತಮ್ಮ. ಎಂಥ ಸುಖವಾಗಿತ್ತು ಗೊತ್ತೇ!"