ತಣ್ಣೀರ ಬಟ್ಟಲ ಸಣ್ಣೀರಮ್ಮ

ಬಹಳ ಹಿಂದೆ, ನಿಮ್ಮಜ್ಜನ ಅಜ್ಜನೂ ಇನ್ನೂ ಹುಟ್ಟಿರದ ಕಾಲದಲ್ಲಿ, ಜೋಡಿತೂಬು ಅಂತ ಒಂದು ಊರಿತ್ತಂತೆ. ಯಾವ ರಾಜನ ಕಾಲ ಅಂತ ಕೇಳಬೇಡಿ. ನಮ್ಮಜ್ಜಿಯನ್ನ ನಾನೂ ಕೇಳಿದ್ದೆ. ರಾಜರು ಬಂದು ಹೋಗ್ತಿದ್ದರು, ಕೆರೆ ಇದ್ದಲ್ಲೇ ಇತ್ತು ಅಂತ ಹೇಳಿ ಮುಂದಕ್ಕೆ ಹೋಗಿದ್ದಳು.

ಆಗ ಗಡಿಯಾರ ಇರಲಿಲ್ಲ. ಹಾಗಂತ ಜನಕ್ಕೆ ಹೊತ್ತು ಅಳೆಯೋಕೆ ಬರ್ತಿರಲಿಲ್ಲ ಅಂದುಕೊಳ್ಳಬೇಡಿ. ಕೆರೆ ಏರಿಯ ಮೇಲೆ ಒಂದು ಕಲ್ಲುತೊಟ್ಟಿ ಇತ್ತಂತೆ. ಅದರ ತುಂಬ ನೀರು. ಆ ನೀರಿನ ಮೇಲೆ ತೆಳ್ಳಗೆ ಬಡಿದ ತಾಮ್ರದ ಬಟ್ಟಲು ತೇಲಿಬಿಡ್ತಿದ್ದರು. ಬಟ್ಟಲ ತಳದಲ್ಲಿ ಕುದುರೆ ಬಾಲದ ಕೂದಲು ತೂರುವಷ್ಟು ಸಣ್ಣ ತೂತು. ಆ ತೂತಿಂದ ನೀರು ಮೇಲಕ್ಕೆ ಬಂದು ಬಂದು, ಬಟ್ಟಲು ತುಂಬಿ, ಗುಳುಕ್ ಅಂತ ಮುಳುಗೋದು. ಮುಳುಗಿದರೆ ಒಂದು ಗಳಿಗೆ ಆಯ್ತು ಅಂತ. ಕೂಡಲೇ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡಬೇಕು. ಮದುವೆ ಮುಹೂರ್ತಕ್ಕೂ ಅದೇ, ಮಗು ಹುಟ್ಟಿದ ಗಳಿಗೆಗೂ ಅದೇ. ಎಲ್ಲಕ್ಕಿಂತ ಹೆಚ್ಚಾಗಿ ಗದ್ದೆಯ ನೀರಿಗೆ ಅದೇ.

ಹೊತ್ತು ಹುಟ್ಟಿದಾಗಿನಿಂದ ಹನ್ನೆರಡು ಬಟ್ಟಲು ಮುಳುಗೋ ತನಕ ಕೆರೆ ನೀರು ಮೇಲ್ಕೇರಿಯ ಗದ್ದೆಗೆ. ಆಮೇಲಿನ ಹನ್ನೆರಡು ಬಟ್ಟಲು ಕೆಳಕೇರಿಗೆ. ಆಮೇಲೆ ತೂಬು ಮುಚ್ಚೋದು. ಯಾರು ಯಾವಾಗ ಮಾಡಿದ ಕಟ್ಟಳೆಯೋ, ಅದನ್ನ ಯಾರೂ ಮೀರಿದ್ದಿಲ್ಲ ಅಂತಾರೆ.

ಬಟ್ಟಲು ಕಾಯುತ್ತಿದ್ದವನು ಮಾಳಯ್ಯ. ತೂಬು ಎತ್ತಿ ಇಳಿಸಿ ಊರಿಗೆಲ್ಲ ನೀರು ಹಂಚುವ ನೀರಗಂಟಿ ಅವನೇ. ಅವನಪ್ಪನೂ ಅದೇ ಕೆಲಸ ಮಾಡಿದ್ದ, ಅಜ್ಜನೂ ಮಾಡಿದ್ದ. ಬಟ್ಟಲು ತೇಲ್ತಿರುವಾಗ ಮಾಳಯ್ಯ ಎಲೆ ಅಡಿಕೆಯನ್ನೂ ಹಾಕ್ತಿರಲಿಲ್ಲವಂತೆ, ಉಗಿಯೋಕೆ ಅಂತ ಮುಖ ತಿರುಗಿಸಬೇಕಾಗುತ್ತಲ್ಲ, ಅದಕ್ಕೆ. ಅವನ ಹೆಂಡತಿ ಸಣ್ಣೀರಮ್ಮ. ಹೆಸರಿಗೆ ತಕ್ಕ ಹಾಗೆ ಆಳು ಸಣ್ಣ, ಒನಕೆಗಿಂತ ನಾಲ್ಕು ಬೆರಳು ಗಿಡ್ಡ. ಏರಿ ಮೇಲಿನ ಬಂಡೆಯಲ್ಲಿ ಒಂದು ಒರಳುಕುಳಿ ಇತ್ತು. ಗಂಡ ಬಟ್ಟಲು ನೋಡ್ತಾ ಕೂತರೆ ಅವಳು ಪಕ್ಕದಲ್ಲೇ ಭತ್ತ ಕುಟ್ಟೋಳು. ಅವಳ ತವರು ಬೇರೆ ಊರೇನಲ್ಲ, ಅದೇ ಕೆಳಕೇರಿ. ಅಣ್ಣ ಮುದ್ದೀರನ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿತ್ತು.

ಒಂದು ವರ್ಷ ಮಾರ್ಗಶಿರದ ಚಳಿಯಲ್ಲಿ, ಭತ್ತ ಹಾಲು ತುಂಬೋ ಹೊತ್ತಿನಲ್ಲಿ ಮುದ್ದೀರ ಪಂಚಾಯಿತಿ ಕಟ್ಟೆ ಹತ್ತಿದ. ನನ್ನ ಕಡೇ ಮಡಿಗೆ ನೀರು ಮುಟ್ಟುತ್ತಿಲ್ಲ, ನಮ್ಮ ಕೇರಿಯಲ್ಲಿ ಯಾರ ಕಡೇ ಮಡಿಗೂ ಮುಟ್ಟುತ್ತಿಲ್ಲ, ನಮ್ಮಪ್ಪನ ಕಾಲದಿಂದ ಹೀಗೇ ಆಗಿದೆ ಅಂದ. ಊರ ಯಜಮಾನ ಲಕ್ಕೇಗೌಡ ಮೇಲ್ಕೇರಿಯವನು, ಆದರೆ ನ್ಯಾಯವಂತ ಅಂತಾರೆ. ಬಟ್ಟಲನ್ನ ತರಿಸಿದ. ಬೆಳಗಿನ ಹೊತ್ತು, ಎಲ್ಲರ ಎದುರಿಗೆ ತೇಲಿಸಿ ನೋಡಿದರು. ಸರಿಯಾಗಿ ಮುಳುಗಿತು. ತೂತಿಗೆ ಕುದುರೆ ಕೂದಲು ತೂರಿಸಿ ನೋಡಿದರು. ಬಿಗಿಯೂ ಇಲ್ಲ, ಸಡಿಲವೂ ಇಲ್ಲ. ಹನ್ನೆರಡು ಬಟ್ಟಲು ಎಣಿಸಿದ್ದು ನಿಜವೋ ಅಂತ ಕೇಳಿದರು. ನಿಜ, ಬಟ್ಟಲು ಮುಳುಗಿದಾಗ ಬಾರಿಸೋ ತಟ್ಟೆಯ ಸದ್ದನ್ನ ಗದ್ದೆಯಲ್ಲಿ ಕೂತು ನಾನೇ ಎಣಿಸಿದ್ದೀನಿ ಅಂತ ಮುದ್ದೀರನೇ ಒಪ್ಪಿಕೊಂಡ.

"ಮತ್ತೆ ನಿನ್ನ ತಕರಾರು ಏನಪ್ಪಾ?" ಅಂದ ಗೌಡ.

ಮುದ್ದೀರ ಭಾವನ ಮುಖ ನೋಡದೆ ಹೇಳಿದ. "ಬಟ್ಟಲು ಸರಿ ಇದೆ. ಅದರ ಅಂಚಿನ ಮೇಲೆ ಒಂದು ಹೆಬ್ಬೆರಳು ಕೂತರೆ ಬೇಗ ಮುಳುಗಲ್ವಾ?"

ಮಾಳಯ್ಯ ಎದ್ದನಂತೆ. ಬಟ್ಟಲನ್ನ ಎತ್ತಿ, ಪಂಚೆಯ ಸೆರಗಲ್ಲಿ ಒರೆಸಿ, ಗೌಡನ ಕಾಲ ಬಳಿ ಕಟ್ಟೆಯ ಮೇಲೆ ಬೋರಲು ಹಾಕಿ ಮನೆಗೆ ನಡೆದ. ಗೋಡೆ ಕಡೆ ಮುಖ ಮಾಡಿ ಮಲಗಿದವನು ಅನ್ನ ಮುಟ್ಟಲಿಲ್ಲ, ನಿದ್ದೆ ಮಾಡಲಿಲ್ಲ.

ಬಟ್ಟಲು ಕಟ್ಟೆಯ ಮೇಲೇ ಬಿದ್ದಿತ್ತು. ಮುಟ್ಟೋಕೆ ಮೇಲ್ಕೇರಿಯವರಿಗೂ ಭಯ, ಕೆಳಕೇರಿಯವರಿಗೂ ಭಯ. ಬಟ್ಟಲಿಲ್ಲದೆ ತೂಬು ಎತ್ತೋ ಹಾಗಿಲ್ಲ. ಮೂರನೇ ದಿನಕ್ಕೆ ಭತ್ತದ ಗರಿ ಸುರುಳಿ ಸುತ್ತೋಕೆ ಶುರುವಾಯ್ತು. ಕೆಳಕೇರಿಯ ಗಂಡಸರು ಹಾರೆಗಳನ್ನ ಹೊರಗೆ ತೆಗೆದಿಟ್ಟರು, ತೂಬು ಒಡೀತೀವಿ ಅಂತ. ಮೇಲ್ಕೇರಿಯವರು ದೊಣ್ಣೆ ಹಿಡಿದು ಏರಿ ಮೇಲೆ ಕೂತರು. ತೂಬು ಒಡೆದರೆ ಕೆರೆಯೇ ಹೋಗುತ್ತೆ ಅಂತ ಎರಡು ಕಡೆಯವರಿಗೂ ಗೊತ್ತಿತ್ತು. ಆದರೂ ಯಾರೂ ಎದ್ದು ಮನೆಗೆ ಹೋಗಲಿಲ್ಲ.

ಸಣ್ಣೀರಮ್ಮ ಒಬ್ಬಳೇ ಅಣ್ಣನ ಗದ್ದೆಗೆ ಹೋದಳಂತೆ. ಕಡೇ ಮಡಿಗೆ ಇಳಿದು ಕಾಲಿಟ್ಟು ನೋಡಿದಳು. ಹಿಮ್ಮಡಿ ಹೋಗೋವಷ್ಟು ಬಿರುಕು. ಪಕ್ಕದವರ ಮಡಿಯಲ್ಲೂ ಹಾಗೇ. ಅಣ್ಣ ಸುಳ್ಳು ಹೇಳಿಲ್ಲ ಅಂತ ಅವಳಿಗೆ ಗೊತ್ತಾಯ್ತು. ಗಂಡ ಸುಳ್ಳು ಹೇಳೋನಲ್ಲ ಅಂತ ಮೊದಲೇ ಗೊತ್ತಿತ್ತು. ದಾರಿಯುದ್ದಕ್ಕೂ ಇವೆರಡನ್ನೂ ಮನಸ್ಸಲ್ಲಿ ಇಟ್ಟುಕೊಂಡು ಬಂದಳು, ಒಂದಕ್ಕೊಂದು ಕೂಡಲಿಲ್ಲ. ಅವಳಿಗೆ ಇನ್ನೊಂದು ಸಂಗತಿ ನೆನಪಾಯ್ತಂತೆ. ಬೆಳಿಗ್ಗೆ ಒಂದು ಬಟ್ಟಲು ಮುಳುಗೋದರೊಳಗೆ ಅವಳು ಒಂದು ಕುಳಿ ಭತ್ತ ಕುಟ್ಟಿ ಮುಗಿಸೋಳು. ಮಧ್ಯಾಹ್ನ ಅಷ್ಟೇ ಭತ್ತಕ್ಕೆ ಬಟ್ಟಲು ಸಾಲುತ್ತಿರಲಿಲ್ಲ, ಇನ್ನೂ ನಾಲ್ಕು ಏಟು ಉಳಿದಿರೋದು. ಕೈ ಸೋತಿದೆ, ಅದಕ್ಕೇ ಹೀಗೆ ಅಂದುಕೊಂಡು ಇಷ್ಟು ವರ್ಷ ಸುಮ್ಮನಿದ್ದಳು.

ಮಾರನೇ ಬೆಳಿಗ್ಗೆ ಗಂಡನ ತಲೆಗೆ ಹರಳೆಣ್ಣೆ ಹಚ್ಚೋಣ, ಸ್ವಲ್ಪ ನಿದ್ದೆಯಾದರೂ ಬರಲಿ ಅಂತ ಎಣ್ಣೆ ಕುಡಿಕೆ ಬಗ್ಗಿಸಿದಳು. ಚಳಿಗೆ ಎಣ್ಣೆ ಮಂದವಾಗಿ, ಬಾಯಿ ತನಕ ಬಂದು ನಿಂತುಕೊಳ್ತು. ಕುಡಿಕೆಯನ್ನ ಬಿಸಿಲಿಗೆ ಇಟ್ಟಳು. ಮಧ್ಯಾಹ್ನ ಬಂದು ಮತ್ತೆ ಬಗ್ಗಿಸಿದರೆ ಸರ್ರನೆ ಸುರಿದು ಅಂಗೈ ತುಂಬಿ, ಗಂಡನ ಕಿವಿ ಮೇಲೆಲ್ಲ ಹರಿಯಿತು. ಸಣ್ಣೀರಮ್ಮ ಅರ್ಧ ತಲೆಗೆ ಎಣ್ಣೆ ಹಚ್ಚಿ, ಇನ್ನರ್ಧ ಹಾಗೇ ಬಿಟ್ಟು, ಕೈ ಒರೆಸಿಕೊಳ್ಳದೆ ಓಡಿದಳು ಅಂತಾರೆ. ಮೂರು ದಿನದಲ್ಲಿ ಮೊದಲ ಸಲ ಮಾಳಯ್ಯ ತಿರುಗಿ ನೋಡಿದ್ದು ಆವಾಗಲೇ.

ಗೌಡನ ಮನೆ ಬಾಗಿಲಿಗೆ ಹೋಗಿ ಅವಳು ಕೇಳಿದ್ದು ಒಂದೇ ಮಾತು. "ನಾಳೆ ಪಂಚಾಯಿತಿ ನಡುಮಧ್ಯಾಹ್ನ ಸೇರಬೇಕು, ಏರಿ ಮೇಲೆ."

ಬಿಸಿಲಲ್ಲಿ ಪಂಚಾಯಿತಿ ಸೇರಿದ್ದು ಆ ಊರಲ್ಲಿ ಯಾರೂ ಕೇಳಿರಲಿಲ್ಲ. ಯಾವ ತಕರಾರು ಇದ್ದರೂ ತಂಪು ಹೊತ್ತಲ್ಲಿ ಕೂತು ಮುಗಿಸೋದು, ಬಟ್ಟಲು ಪರೀಕ್ಷೆ ಮಾಡಿದರೂ ಬೆಳಿಗ್ಗೆಯೇ ಮಾಡೋದು. ಆದರೂ ಹಾರೆ ಒಂದು ಕಡೆ, ದೊಣ್ಣೆ ಒಂದು ಕಡೆ ಇದ್ದಾಗ ಗೌಡ ಇನ್ನೇನು ಮಾಡಿಯಾನು? ಸೇರಿಸಿದ. ಎಲ್ಲರೂ ತಲೆ ಮೇಲೆ ವಸ್ತ್ರ ಹಾಕಿಕೊಂಡು ಬಂದರು.

ಸಣ್ಣೀರಮ್ಮ ತೊಟ್ಟಿಯ ಪಕ್ಕ ಒಂದು ದೊಡ್ಡ ಮಣ್ಣಿನ ಬಾನಿ ಇಟ್ಟು, ಆಗ ತಾನೇ ಬಾವಿಯಿಂದ ಸೇದಿದ ನೀರು ತುಂಬಿದ್ದಳು. ಮಾವನ ಕಾಲದ ಹಳೇ ಬಟ್ಟಲೊಂದು ಅಟ್ಟದಲ್ಲಿತ್ತು, ಕಟ್ಟೆ ಮೇಲಿದ್ದ ಬಟ್ಟಲ ಜೊತೆ ಅದನ್ನೂ ತಂದಿದ್ದಳು. ಎರಡು ಬಟ್ಟಲಲ್ಲಿ ಒಂದನ್ನ ತೊಟ್ಟಿಯಲ್ಲಿ, ಇನ್ನೊಂದನ್ನ ಬಾನಿಯಲ್ಲಿ, ಒಂದೇ ಸಲಕ್ಕೆ ತೇಲಿಬಿಡಬೇಕು ಅಂದಳು. ಮೇಲ್ಕೇರಿಯ ಯಾರೋ ಗೊಣಗಿದರು, ಇವಳು ಕೆಳಕೇರಿ ಮಗಳು, ಬಟ್ಟಲಿಗೆ ಏನೋ ಮಾಡಿಸಿದ್ದಾಳೆ ಅಂತ. ಅದನ್ನ ಕೇಳಿ ಸಣ್ಣೀರಮ್ಮ ಎರಡು ಬಟ್ಟಲನ್ನೂ ಲಕ್ಕೇಗೌಡನ ಕೈಗೆ ಕೊಟ್ಟು, ಇಪ್ಪತ್ತು ಮಾರು ದೂರ ಹೋಗಿ ಒರಳುಕುಳಿ ಬಂಡೆ ಮೇಲೆ ಕೂತಳು.

ಗೌಡನೇ ತೇಲಿಬಿಟ್ಟ. ತೊಟ್ಟಿಯ ಬಟ್ಟಲು ಮುಳುಗಿತು. ಬಾನಿಯ ಬಟ್ಟಲು ಇನ್ನೂ ತೇಲ್ತಾ ಇತ್ತು, ಅಂಚು ನೀರಿಂದ ಒಂದು ಬೆರಳು ಮೇಲೆ.

ಬಟ್ಟಲುಗಳೇ ಬೇರೆ ಬೇರೆ, ಅದಕ್ಕೇ ಹೀಗಾಗಿದೆ ಅಂತ ಒಬ್ಬ ಅಂದ. "ಹಾಗಾದರೆ ಅದಲು ಬದಲು ಮಾಡಿ," ಅಂದಳು ಸಣ್ಣೀರಮ್ಮ, ಕೂತಲ್ಲಿಂದಲೇ. ಗೌಡ ಅದಲು ಬದಲು ಮಾಡಿದ. ಆಗಲೂ ತೊಟ್ಟಿಯದೇ ಮೊದಲು ಮುಳುಗಿತು. ಮೂರನೇ ಸಲವೂ ಅದೇ.

ಆಮೇಲೆ ಅವಳು ಬಂದು, ಎಲ್ಲರೂ ಒಬ್ಬೊಬ್ಬರಾಗಿ ಎರಡು ನೀರಿಗೂ ಕೈ ಅದ್ದಿ ನೋಡಿ ಅಂದಳಂತೆ. ತೊಟ್ಟಿಯ ನೀರು ಬೆಳಗಿನಿಂದ ಬಿಸಿಲಿಗೆ ಕಾದು ಎಳೆ ಮಗುವಿಗೆ ಎರೆಯೋ ನೀರಿನ ಹಾಗಿತ್ತು. ಬಾನಿಯದು ಬೆರಳು ಜುಮ್ಮೆನ್ನೋವಷ್ಟು ತಣ್ಣಗಿತ್ತು.

"ಚಳಿಗೆ ಎಣ್ಣೆ ಮಂದ ಆಗುತ್ತೆ, ಬಿಸಿಲಿಗೆ ತೆಳ್ಳಗಾಗುತ್ತೆ. ನೀರೂ ಹಾಗೇ. ಕಣ್ಣಿಗೆ ಕಾಣಲ್ಲ, ಆ ಸಣ್ಣ ತೂತಿಗೆ ಗೊತ್ತಾಗುತ್ತೆ," ಅಂದಳು. ಬೆಳಗಿನ ನೀರಲ್ಲಿ ಬಟ್ಟಲು ನಿಧಾನ, ಹಾಗಾಗಿ ಮೇಲ್ಕೇರಿಯ ಹನ್ನೆರಡು ಬಟ್ಟಲು ಉದ್ದ. ಮಧ್ಯಾಹ್ನದ ನೀರಲ್ಲಿ ಬಟ್ಟಲು ಚುರುಕು, ಹಾಗಾಗಿ ಕೆಳಕೇರಿಯ ಹನ್ನೆರಡು ಬಟ್ಟಲು ಗಿಡ್ಡ. ಹನ್ನೆರಡಕ್ಕೆ ಒಂದು ಬಟ್ಟಲಿನಷ್ಟು ಹೊತ್ತಿನ ನೀರು ಪ್ರತಿ ದಿನ ಕೆಳಕೇರಿಗೆ ಖೋತಾ.

ಲಕ್ಕೇಗೌಡ ಒದ್ದೆ ಕೈಯನ್ನ ಪಂಚೆಗೆ ಒರೆಸಿಕೊಂಡನಂತೆ. ಆಮೇಲೆ ಕೇಳಿದ. "ಹಾಗಾದರೆ ಇಷ್ಟು ತಲೆಮಾರು ಮೋಸ ಮಾಡಿದೋರು ಯಾರಮ್ಮ?"

"ಯಾರೂ ಮಾಡಿಲ್ಲ ಗೌಡರೆ. ಬಿಸಿಲು ಬಿತ್ತು, ಅಷ್ಟೇ."

ಮೇಲ್ಕೇರಿಯವರು ದೊಣ್ಣೆ ಕೆಳಗಿಟ್ಟರು. ಹಾಗಾದರೆ ಸರದಿ ಬದಲಾಯಿಸೋಣ, ಒಂದು ತಿಂಗಳು ಬೆಳಿಗ್ಗೆ ಅವರಿಗೆ, ಒಂದು ತಿಂಗಳು ನಮಗೆ ಅಂದರು. ಸಣ್ಣೀರಮ್ಮ ಬೇಡ ಅಂದಳು. ಹಾಗೆ ಮಾಡಿದರೆ ತಿಂಗಳಿಗೊಬ್ಬರ ಭತ್ತ ಒಣಗುತ್ತೆ, ಬಟ್ಟಲನ್ನೇ ನೆಟ್ಟಗೆ ಮಾಡೋಣ ಅಂದಳು. ಅವತ್ತೇ ಏರಿಯ ಪಕ್ಕ ಎದೆಯುದ್ದ ಗುಂಡಿ ತೋಡಿ, ಬಾನಿಯನ್ನ ಕುತ್ತಿಗೆ ತನಕ ಹೂತು, ಸುತ್ತ ಮಣ್ಣಿನ ಗೋಡೆ ಎಬ್ಬಿಸಿ ಸೋಗೆ ಹೊದಿಸಿ ಗುಡಿಸಲು ಮಾಡಿದರು. ಕೆಳಕೇರಿಯ ಹಾರೆಗಳೇ ಗುಂಡಿ ತೋಡಿದ್ದಂತೆ. ನಾಲ್ಕು ಬಟ್ಟಲಿಗೊಮ್ಮೆ ಬಾನಿಯ ನೀರು ಮೊಗೆದು ಚೆಲ್ಲಿ ಬಾವಿಯಿಂದ ಹೊಸ ನೀರು ತುಂಬಬೇಕು ಅಂತ ಕಟ್ಟಳೆ ಮಾಡಿದರು. ಆ ವರ್ಷ ಮುದ್ದೀರನ ಕಡೇ ಮಡಿಗೂ ನೀರು ಹತ್ತಿತು.

ಆದರೆ ಮಾಳಯ್ಯ ಮತ್ತೆ ಬಟ್ಟಲು ಮುಟ್ಟಲಿಲ್ಲ. ಗೌಡನೇ ಮನೆಗೆ ಬಂದು ಕರೆದ. ಬರ್ತೀನಿ, ತೂಬು ಎತ್ತುತ್ತೀನಿ, ಕಾಲುವೆ ಕಾಯ್ತೀನಿ, ಬಟ್ಟಲು ಮಾತ್ರ ಬೇಡ ಅಂದ. ಹಾಗಾಗಿ ಬಟ್ಟಲು ಸಣ್ಣೀರಮ್ಮನ ಕೈಗೆ ಬಂತು. ಹೆಂಗಸು ಬಟ್ಟಲು ಕಾದದ್ದು ಆ ಸೀಮೆಯಲ್ಲಿ ಅವಳೊಬ್ಬಳೇ ಅಂತಾರೆ. ಬಟ್ಟಲು ಮುಳುಗಿದಾಗ ಅವಳು ಕೂಗೋಳು, ಅವನು ತೂಬಿನ ಬಳಿ ನಿಂತು ಕಂಚಿನ ತಟ್ಟೆ ಬಾರಿಸೋನು. ನಲವತ್ತು ವರ್ಷ ಹೀಗೆ ನಡೆಯಿತಂತೆ. ನಮ್ಮಜ್ಜಿ ನಲವತ್ತು ಅನ್ನೋಳು, ಅವಳ ತಂಗಿ ಅರವತ್ತು ಅನ್ನೋಳು.

ಜನರ ಬಾಯಲ್ಲಿ ಸಣ್ಣೀರಮ್ಮ ಬೆಳೆದಳು. ಬೆರಳು ಅದ್ದಿದರೆ ಸಾಕು, ಎಷ್ಟು ಗಳಿಗೆ ಅಂತ ಹೇಳೋಳಂತೆ. ಬಿಸಿಲು ಅವಳಿಗೆ ಹೆದರಿ ಗುಡಿಸಲ ಮಾಡಿನ ಮೇಲೆ ನಿಂತುಬಿಡೋದಂತೆ, ಒಳಗೆ ಬರ್ತಿರಲಿಲ್ಲವಂತೆ. ಅವಳು ಬಾ ಅನ್ನೋ ತನಕ ಬಟ್ಟಲು ಮುಳುಗ್ತಿರಲಿಲ್ಲವಂತೆ. ಇದನ್ನೆಲ್ಲ ನಾನು ನಂಬಲ್ಲ. ಆದರೆ ಯಾರಾದರೂ ಹೇಳ್ತಿದ್ದರೆ ತಡೆಯೋಕೂ ಹೋಗಲ್ಲ.

ಹೇಳಲೇಬೇಕಾದ್ದು ಇನ್ನೊಂದಿದೆ. ಮುದ್ದೀರ ಎರಡು ವರ್ಷ ತಂಗಿ ಮನೆ ಬಾಗಿಲಿಗೆ ಬಂದಿರಲಿಲ್ಲ. ನಾಚಿಕೆ. ಮಾಳಯ್ಯನೂ ಕೆಳಕೇರಿಯ ಬೀದಿ ತುಳಿದಿರಲಿಲ್ಲ. ಒಂದು ದಿನ ಬೆಳಿಗ್ಗೆ ಮುದ್ದೀರ ಹೊಸ ಅಕ್ಕಿಯ ಗಂಟು ಹೊತ್ತು ಬಟ್ಟಲ ಗುಡಿಸಲ ಮುಂದೆ ಬಂದು ನಿಂತನಂತೆ. ಮಾಳಯ್ಯ ತೂಬಿನ ಬಳಿಯಿಂದ ಬಂದು ಹೊರಗೇ ನಿಂತ. ಸಣ್ಣೀರಮ್ಮ ಇಬ್ಬರನ್ನೂ ನೋಡಿದಳು, ಬಟ್ಟಲ ಕಡೆ ತಿರುಗಿದಳು, ಅವಳು ಕಣ್ಣು ತೆಗೆಯೋ ಹಾಗಿರಲಿಲ್ಲ. ಬಹಳ ಹೊತ್ತಾದ ಮೇಲೆ ಮಾಳಯ್ಯನೇ ಬಗ್ಗಿ ಒಳಗೆ ಬಂದು ಬಾನಿಯ ಪಕ್ಕ ಕೂತು, ಭಾವಮೈದುನನಿಗೂ ಜಾಗ ಬಿಟ್ಟ. ಮುದ್ದೀರ ಕೂತ. ಮಾಳಯ್ಯ ಬಟ್ಟಲಿಗೆ ತಾಗದ ಹಾಗೆ ನೀರಲ್ಲಿ ಕೈ ಅದ್ದಿದ. ಮುದ್ದೀರನೂ ಅದ್ದಿದ.

"ತಣ್ಣಗಿದೆ ಭಾವ," ಅಂದ ಮುದ್ದೀರ.

"ತಣ್ಣಗಿದೆ," ಅಂದ ಮಾಳಯ್ಯ.

ಆ ಬಟ್ಟಲು ಈಗಿಲ್ಲ. ಯಾವ ಕಾಲಕ್ಕೆ ಯಾರ ಮನೆ ಸೇರಿತೋ, ಕರಗಿ ಏನಾಯಿತೋ ಗೊತ್ತಿಲ್ಲ. ಗೋಡೆಗೆ ಗಡಿಯಾರ ಬಂತು, ಗದ್ದೆಗೆ ಮೋಟಾರು ಬಂತು. ಆದರೂ ಜೋಡಿತೂಬಿಗೆ ನೀವು ಹೋದರೆ ನೋಡ್ತೀರಿ. ಅಣ್ಣತಮ್ಮಂದಿರೋ, ಅತ್ತೆ ಸೊಸೆಯೋ, ಪಕ್ಕದ ಹೊಲದವರೋ, ಮಾತು ಬಿಟ್ಟವರು ಮತ್ತೆ ಕೂಡಬೇಕಾದರೆ ಅಲ್ಲಿ ಯಾರೂ ತಪ್ಪಾಯ್ತು ಅನ್ನಲ್ಲ, ಯಾರೂ ಕೇಳಿಸಿಕೊಳ್ಳೋಕೂ ಕಾಯಲ್ಲ. ಮನೆಯ ಹೆಂಗಸೊಬ್ಬಳು ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿ ತಂದು ಪಾತ್ರೆಗೆ ಸುರಿದು ನಡುವೆ ಇಡ್ತಾಳೆ. ಇಬ್ಬರೂ ಕೈ ಅದ್ದಿ, ಒಬ್ಬರಾದ ಮೇಲೆ ಒಬ್ಬರು, ತಣ್ಣಗಿದೆ ಅಂತಾರೆ. ಆಮೇಲೆ ಎದ್ದು ಊಟಕ್ಕೆ ಕೂರ್ತಾರೆ.