ಯಾರಿಗೂ ಬೆನ್ನು ತೋರದ ಏಡಿ

ಲೋಕ ಇನ್ನೂ ಹಸಿಯಾಗಿದ್ದ ಕಾಲವದು. ಬೆಟ್ಟಗಳ ಮೈಮೇಲಿನ ಮಣ್ಣು ಒಣಗಿರಲಿಲ್ಲ. ಹಕ್ಕಿಗಳು ತಮ್ಮ ತಮ್ಮ ಕೂಗು ಯಾವುದೆಂದು ಇನ್ನೂ ಹುಡುಕುತ್ತಿದ್ದವು.

ಆಗ ಕಡಲಜ್ಜನಿಗೂ ಹೊಳೆಯಮ್ಮನಿಗೂ ಯುದ್ಧ ನಡೆದಿತ್ತು.

ಯಾಕೆ ಶುರುವಾಯಿತು? ಅದು ಇಬ್ಬರಿಗೂ ಸರಿಯಾಗಿ ನೆನಪಿಲ್ಲ. "ಅವಳೇ ಮೊದಲು ನನ್ನ ನೀರು ಕೆಂಪು ಮಾಡಿದ್ದು" ಎನ್ನುತ್ತಿದ್ದ ಕಡಲಜ್ಜ. "ಅವನೇ ಮೊದಲು ನನ್ನ ನೀರು ಉಪ್ಪು ಮಾಡಿದ್ದು" ಎನ್ನುತ್ತಿದ್ದಳು ಹೊಳೆಯಮ್ಮ.

ಕಡಲಜ್ಜ ತೆರೆಗಳ ದಂಡು ಕಟ್ಟಿಕೊಂಡು ಹೊಳೆಯೊಳಗೆ ನುಗ್ಗಿದ. ಉಪ್ಪುನೀರು ಕುಡಿದ ಸಿಹಿನೀರಿನ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಹೊಳೆಯಮ್ಮ ಬೆಟ್ಟದಿಂದ ಕೆಸರನ್ನೂ ಮರದ ದಿಮ್ಮಿಗಳನ್ನೂ ಹೊತ್ತು ತಂದು ಕಡಲಿಗೆ ಸುರಿದಳು. ಬಂಡೆಗೆ ಅಂಟಿಕೊಂಡಿದ್ದ ಚಿಪ್ಪಿಗಳು ಕೆಸರಿನಡಿ ಉಸಿರುಗಟ್ಟಿ ಸತ್ತವು.

ಏಳು ಮಳೆಗಾಲ ಹೀಗೇ ಹೋಯಿತು. ಕೊನೆಗೆ ಇಬ್ಬರಿಗೂ ಸುಸ್ತಾಯಿತು. ನಡುವೆ ಉದ್ದಕ್ಕೆ ಒಂದು ಮರಳಿನ ದಿಬ್ಬ ಎದ್ದಿತು. ಅವನು ಆಚೆ, ಇವಳು ಈಚೆ.

"ಸದ್ಯ, ಜಗಳ ನಿಂತಿತಲ್ಲ" ಎಂದಿತು ಗಾಳಿ.

ಜಗಳವೇನೋ ನಿಂತಿತ್ತು. ಆದರೆ ಮುಂದೆ ಹೋಗಲು ದಾರಿಯಿಲ್ಲದೆ ಹೊಳೆಯ ನೀರು ನಿಂತಲ್ಲೇ ನಿಂತು ಪಾಚಿಗಟ್ಟಿತು, ನಾರತೊಡಗಿತು. ಬೆಟ್ಟದ ಎಲೆ, ಹುಳು, ಹಣ್ಣು ಒಂದೂ ಬಾರದೆ ಕಡಲಂಚಿನ ಮೀನುಗಳು ಬಡಕಲಾದವು. ಮತ್ತೆ ಮಳೆಗಾಲ ಬಂದರೆ ದಿಬ್ಬ ಒಡೆಯುತ್ತದೆ. ದಿಬ್ಬ ಒಡೆದರೆ ಮತ್ತೆ ಯುದ್ಧ. ಎಲ್ಲರಿಗೂ ಅದೇ ಹೆದರಿಕೆ.

ಮೊದಲು ಸಂಧಾನಕ್ಕೆ ಹೊರಟದ್ದು ಗರುಡ. ಎತ್ತರದಲ್ಲೇ ಸುತ್ತು ಹಾಕುತ್ತ, "ಇಬ್ಬರೂ ದೊಡ್ಡವರು, ಇಬ್ಬರೂ ಒಂದಾಗಿರಿ!" ಎಂದು ಕೂಗಿತು. ಅಷ್ಟು ಮೇಲಿಂದ ಹೇಳಿದ್ದು ಕೆಳಗಿನವರಿಗೆ ಕೇಳಲೇ ಇಲ್ಲ.

ಆಮೇಲೆ ಕಪ್ಪೆ ಹೋಯಿತು. "ನೀನು ಹೊಳೆಯ ಕಡೆಯವನು" ಎಂದು ಕಡಲಜ್ಜ ಅದನ್ನು ತೆರೆಯಲ್ಲಿ ಉರುಳಿಸಿ ದಡಕ್ಕೆ ಎಸೆದ.

ಆ ಮರಳ ದಿಬ್ಬದ ಮೇಲೆ ಸಣ್ಣಿ ಎಂಬ ಏಡಿ ಇದ್ದಳು. ಹುಟ್ಟಿದ್ದೂ ಅಲ್ಲೇ, ಬಿಲ ತೋಡಿದ್ದೂ ಅಲ್ಲೇ. ಕಡಲಿನವಳೂ ಅಲ್ಲ, ಹೊಳೆಯವಳೂ ಅಲ್ಲ. ಆಗಿನ ಏಡಿಗಳು ನಮ್ಮ ಹಾಗೆಯೇ ಮುಂದಕ್ಕೆ ನೋಡುತ್ತ ಮುಂದಕ್ಕೇ ನಡೆಯುತ್ತಿದ್ದವು.

ಸಣ್ಣಿಗೆ ಏನು ಕಂಡರೂ "ಯಾಕೆ?" ಎಂದು ಕೇಳುವ ಚಟ. ನೊರೆ ಬೆಳ್ಳಗೆ ಯಾಕೆ? ಮರಳು ಬಿಸಿ ಯಾಕೆ? ಈಗ ಹೊಸದೊಂದು ಪ್ರಶ್ನೆ ಹುಟ್ಟಿತು. ಇಷ್ಟು ಹತ್ತಿರ ಇದ್ದೂ ಇವರಿಬ್ಬರು ಮಾತಾಡುವುದಿಲ್ಲ, ಯಾಕೆ?

ಕೇಳಿಯೇ ಬಿಡೋಣವೆಂದು ಕಡಲಿನ ಕಡೆ ಹೊರಟಳು.

"ಕಡಲಜ್ಜ, ಹೊಳೆಯಮ್ಮನ ಜೊತೆ ರಾಜಿ ಆಗ್ತೀರಾ?"

"ಅವಳು ಬಾಯಿಬಿಟ್ಟು ಕೇಳಲಿ, ಆಮೇಲೆ ನೋಡೋಣ ಕೂಸೇ."

ಸಣ್ಣಿ ತಿರುಗಿ ಹೊಳೆಯ ಕಡೆ ನಡೆದಳು. ಹಿಂದಿನಿಂದ ಕಡಲಜ್ಜ ಗುಡುಗಿದ: "ನೋಡು, ನೋಡು! ನನಗೆ ಬೆನ್ನು ಹಾಕಿ ಹೋಗ್ತಾಳೆ! ಇವಳೂ ಹೊಳೆಯ ಕಡೆಯವಳೇ."

ಹೊಳೆಯಮ್ಮ ಅವಳನ್ನು ಮಾತಾಡಲೂ ಬಿಡಲಿಲ್ಲ. "ಆಗಲೇ ನನಗೆ ಬೆನ್ನು ಹಾಕಿ ಅವನ ಹತ್ತಿರ ಹೋದೆಯಲ್ಲ? ನನಗೆ ಕಾಣಿಸಲಿಲ್ಲ ಅಂದುಕೊಂಡೆಯಾ?"

ಸಣ್ಣಿ ಬಿಲದ ಬಾಯಲ್ಲಿ ಕೂತು ಯೋಚಿಸಿದಳು. ಕಡಲಿಗೆ ಹೋದರೆ ಹೊಳೆಗೆ ಬೆನ್ನು. ಹೊಳೆಗೆ ಹೋದರೆ ಕಡಲಿಗೆ ಬೆನ್ನು. ಯಾರಿಗೂ ಬೆನ್ನು ತೋರದೆ ನಡೆಯುವುದು ಹೇಗೆ?

ಹಿಮ್ಮುಖವಾಗಿ ನಡೆದು ನೋಡಿದಳು. ತನ್ನದೇ ಬಿಲದೊಳಗೆ ಬಿದ್ದಳು.

ಮತ್ತೆ ಯೋಚಿಸಿದಳು. ದಿಬ್ಬದ ಮೇಲೆ ತೆಂಕಣಕ್ಕೆ ಮುಖ ಮಾಡಿ ನಿಂತಳು. ಬಲಗಡೆ ಕಡಲು, ಎಡಗಡೆ ಹೊಳೆ. ಕಣ್ಣುಗಳನ್ನು ಎತ್ತಿ, ಇನ್ನೂ ಎತ್ತಿ, ಎರಡು ಕಡ್ಡಿಯ ತುದಿಗೆ ಇಟ್ಟ ಹಾಗೆ ನಿಲ್ಲಿಸಿದಳು. ಮುಖ ತಿರುಗಿಸದೆ ಒಂದು ಕಾಲನ್ನು ಪಕ್ಕಕ್ಕೆ ಇಟ್ಟಳು. ಇನ್ನೊಂದು ಕಾಲು ಅದಕ್ಕೆ ತೊಡರಿತು. ಬಿದ್ದಳು, ಎದ್ದಳು. ಸಂಜೆಯ ಹೊತ್ತಿಗೆ ಅಡ್ಡಡ್ಡ ಓಡುವಷ್ಟು ಕಲಿತಳು.

ಮರುದಿನ ಕಡಲಿನ ಹತ್ತಿರ ಅಡ್ಡಡ್ಡವಾಗಿಯೇ ಬಂದಳು. ಈ ಸಲ ರಾಜಿಯ ಮಾತು ಎತ್ತಲಿಲ್ಲ.

"ಅಜ್ಜ, ಈ ಯುದ್ಧದಲ್ಲಿ ಹೊಳೆಯಮ್ಮ ಏನು ಕಳಕೊಂಡಳು?"

"ನಾನು ಏನು ಕಳಕೊಂಡೆ ಅಂತ ಕೇಳು!"

"ಅದನ್ನೂ ಕೇಳ್ತೇನೆ. ಅವಳು ಏನು ಕಳಕೊಂಡಳು?"

 ಕಡಲಜ್ಜನಿಗೆ ಅದು ಗೊತ್ತಿರಲಿಲ್ಲ.

ಹೊಳೆಯಮ್ಮನಿಗೂ ಸಣ್ಣಿ ಅದನ್ನೇ ಕೇಳಿದಳು. ಅವಳಿಗೂ ಗೊತ್ತಿರಲಿಲ್ಲ. ಆಗ ಸಣ್ಣಿ ಕೆಸರು ಬಗೆದು ಒಂದು ಖಾಲಿ ಚಿಪ್ಪಿ ತಂದು ಹೊಳೆಯಮ್ಮನ ಮುಂದೆ ಇಟ್ಟಳು.

"ಇದು ಯಾರದು?" ಎಂದಳು ಹೊಳೆಯಮ್ಮ.

"ಕಡಲಜ್ಜನ ಬಂಡೆಯದು. ನಿನ್ನ ಕೆಸರಿನಡಿ ಸಿಕ್ಕಿತು."

"ಇಷ್ಟು ಸಣ್ಣದಾ?"

"ಮರಿ, ಅಮ್ಮ."

ಹೊಳೆಯಮ್ಮ ಆ ಚಿಪ್ಪಿಯನ್ನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದಳು.

ಕಡಲಜ್ಜನ ಮುಂದೆ ಸಣ್ಣಿ ಇಟ್ಟದ್ದು ಒಂದು ಸಿಹಿನೀರ ಮೀನಿನ ಮುಳ್ಳು, ಹುಲ್ಲೆಸಳಿನಷ್ಟು ತೆಳ್ಳಗಿನದು. ಒಂದು ತೆರೆ ಬಂದು ಅದನ್ನು ಮುಟ್ಟಿತು. ಎತ್ತಿಕೊಂಡು ಹೋಗಲಿಲ್ಲ. ಹಾಗೇ ಹಿಂದೆ ಸರಿಯಿತು.

"ನನ್ನ ಮರಿಗಳೂ ಇಷ್ಟೇ ಸಣ್ಣವಿದ್ದವು" ಎಂದ ಕಡಲಜ್ಜ. ಅವನ ದನಿ ಇಳಿದಿತ್ತು. "ಹೋಗಿ ಅವಳಿಗೆ ಹೇಳು. ಇನ್ನು ನಾನು ನುಗ್ಗುವುದಿಲ್ಲ. ದಿನಕ್ಕೆ ಎರಡು ಸಲ ಮೆಲ್ಲಗೆ ಒಳಗೆ ಬರುತ್ತೇನೆ, ಎರಡು ಸಲ ಹಿಂದೆ ಸರಿಯುತ್ತೇನೆ. ನಾನು ಸರಿದಾಗ ಅವಳು ಬರಲಿ."

ಸಣ್ಣಿ ಅಡ್ಡಡ್ಡ ಓಡಿ ಹೇಳಿದಳು. ಹೇಳಿ ಮುಗಿಸಿದ ಮೇಲೂ ಅವಳಿಗೆ ಒಂದು ಅನುಮಾನ. "ಅಲ್ಲಮ್ಮ, ಬಾಯಿಮಾತು ನಂಬಬಹುದು. ಆದರೆ ಅದು ಉಳಿಯುವುದು ಹೇಗೆ?"

ಹೊಳೆಯಮ್ಮ ಹೇಳಿದಳು: "ನಮ್ಮಿಬ್ಬರ ನೀರು ಬೆರೆಯುವ ಜಾಗದಲ್ಲಿ ನನ್ನ ಮರಿಗಳನ್ನು ಬಿಡುತ್ತೇನೆ. ಅವನೂ ತನ್ನ ಮರಿಗಳನ್ನು ಅಲ್ಲೇ ಬಿಡಲಿ. ಒಟ್ಟಿಗೆ ಬೆಳೆಯಲಿ. ಮಕ್ಕಳು ಆಡುವ ಅಂಗಳಕ್ಕೆ ಯಾರು ದಂಡು ತರುತ್ತಾರೆ?"

ಕಡಲಜ್ಜ ಒಪ್ಪಿದ. ಇಬ್ಬರೂ ಆಚೀಚೆಯಿಂದ ದಿಬ್ಬವನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಬಾಗಿಲು ಮಾಡಿದರು. ಉಪ್ಪು ಸಿಹಿಗೆ ಸೇರಿತು, ಸಿಹಿ ಉಪ್ಪಿಗೆ ಸೇರಿತು. ಮರಿಗಳು ಬಂದವು.

ಒಂದು ತಿಂಗಳು ಕಳೆದಿರಲಿಲ್ಲ, ಮಳೆಗಾಲ ಬಂತು. ಹೊಳೆ ಕೆಂಪಗೆ ಉಕ್ಕಿತು. ಕೆಸರು ಬಾಗಿಲು ದಾಟಿ ಕಡಲಿಗೆ ಹರಿಯಿತು.

"ಮಾತು ಮುರಿದಳು!" ಕಡಲಜ್ಜ ಎದ್ದು ನಿಂತ. ಅವನ ಹಿಂದೆ ತೆರೆಗಳು ಸಾಲುಗಟ್ಟಿದವು.

"ಅಜ್ಜ, ಒಂದು ಗಳಿಗೆ ತಡೆಯಿರಿ! ಯಾಕೆ ಅಂತ ಕೇಳಿ ಬರ್ತೇನೆ!"

ಸಣ್ಣಿ ಓಡಿದಳು. ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಆಗಲೂ ಮುಖ ತಿರುಗಿಸಲಿಲ್ಲ.

"ಯಾಕಮ್ಮ ಈ ಕೆಸರು?"

"ಬೆಟ್ಟದಲ್ಲಿ ಮೂರು ದಿನದಿಂದ ಮಳೆ, ಮಗಾ. ನನ್ನ ಕೈಲಿ ತಡೆಯಲು ಆಗುತ್ತಿಲ್ಲ. ಮರಿಗಳನ್ನೆಲ್ಲ ದಡದ ಬೇರುಗಳ ಸಂದಿಗೆ ಸೇರಿಸಿದ್ದೇನೆ. ಅವನ ಮರಿಗಳನ್ನೇ ಮೊದಲು ಸೇರಿಸಿದೆ, ಅವಕ್ಕೆ ಪ್ರವಾಹ ಗೊತ್ತಿಲ್ಲವಲ್ಲ."

ಸಣ್ಣಿ ಮತ್ತೆ ಓಡಿ ಬಂದು ಹೇಳಿದಳು.

"ನನ್ನವನ್ನು ಮೊದಲಾ?" ಎಂದು ಕೇಳಿದ ಕಡಲಜ್ಜ.

"ನಿಮ್ಮವನ್ನೇ ಮೊದಲು."

ಕಡಲಜ್ಜ ಮೆಲ್ಲಗೆ ತಗ್ಗಿದ. ಹಿಂದೆ ನಿಂತ ತೆರೆಗಳು ಒಂದೊಂದಾಗಿ ಕೂತವು. ಕೆಸರು ಬಂದಷ್ಟನ್ನೂ ಅವನು ತನ್ನ ದೊಡ್ಡ ಹೊಟ್ಟೆಯೊಳಗೆ ಇಳಿಸಿಕೊಂಡ.

ಆಮೇಲೆ ಅವರು ಯುದ್ಧ ಮಾಡಲಿಲ್ಲ. ಆದರೂ ವಯಸ್ಸಾದವರಲ್ಲವೇ, ಆಗಾಗ ಒಬ್ಬರ ಮೇಲೊಬ್ಬರಿಗೆ ಸಂಶಯ ಬರುತ್ತದೆ. ಆಗೆಲ್ಲ ಯಾರಾದರೂ ನಡುವೆ ಓಡಾಡಿ ಕೇಳಬೇಕು, ಹೇಳಬೇಕು. ಸಣ್ಣಿ ಆ ಕೆಲಸವನ್ನು ಮಕ್ಕಳಿಗೆ ಕಲಿಸಿದಳು, ಮಕ್ಕಳು ಮೊಮ್ಮಕ್ಕಳಿಗೆ ಕಲಿಸಿದರು.

ಅದಕ್ಕೇ ನೋಡು, ಹೊಳೆ ಕಡಲು ಸೇರುವ ಅಳಿವೆಯ ಮರಳಿನಲ್ಲಿ ಇವತ್ತಿಗೂ ಏಡಿಗಳು ಕಣ್ಣು ಮೇಲೆತ್ತಿ, ಒಂದು ಕಣ್ಣನ್ನು ಕಡಲಿನ ಮೇಲೆ, ಇನ್ನೊಂದನ್ನು ಹೊಳೆಯ ಮೇಲೆ ಇಟ್ಟು, ಅಡ್ಡಡ್ಡವಾಗಿಯೇ ಓಡಾಡುತ್ತಿರುತ್ತವೆ.